ಕರ್ನಲ್ ಕಾಯುತ್ತಾನೋ, ಆಶಿಸುತ್ತಾನೋ?

ಸ್ಪ್ಯಾನಿಷ್ ಕಲಿಯುವವರಿಗೆ 'ಎಸ್ಪೆರಾರ್' ಮೊದಲು ಬಸ್ಸಿಗೆ ಕಾಯುವ ಕ್ರಿಯಾಪದವಾಗಿ ಸಿಗುತ್ತದೆ. ನಿರೀಕ್ಷಿಸು, ಆಶಿಸು ಎಂಬ ಅರ್ಥಗಳು ಆಮೇಲೆ ತಿಳಿಯುತ್ತವೆ. ಮೂರೂ ಒಟ್ಟಿಗೆ ಬೇಕಾಗುವುದು ಗಾರ್ಸಿಯಾ ಮಾರ್ಕೆಸ್ 1961ರಲ್ಲಿ ಪ್ರಕಟಿಸಿದ, ಯಾರೂ ಕಾಗದ ಬರೆಯದ ಕರ್ನಲ್‌ನ ಕಿರುಕಾದಂಬರಿಯಲ್ಲಿ. ಪಿಂಚಣಿಯ ಕಾಗದ ಬಂದೀತೆಂದು ಮುದುಕ ಕರ್ನಲ್ ವರ್ಷಗಟ್ಟಲೆ ಶುಕ್ರವಾರ ಶುಕ್ರವಾರ ಅಂಚೆಯ ದೋಣಿಗಾಗಿ ಹೋಗಿ ನಿಲ್ಲುತ್ತಾನೆ.

'ಕಾಯುತ್ತಾನೆ' ಎಂದು ಅನುವಾದಿಸಿದರೆ ಅವನ ಆಸೆ ಕಾಣುವುದಿಲ್ಲ. 'ಆಶಿಸುತ್ತಾನೆ' ಎಂದರೆ ಹಸಿದ ಹೊಟ್ಟೆ ಮರೆಯಾಗುತ್ತದೆ. 'ನಿರೀಕ್ಷಿಸು' ಎರಡನ್ನೂ ಹಿಡಿದೀತು. ಆದರೆ ನೆರೆಯವರಿಗೆ ಬಡತನ ಗೊತ್ತಾಗದಿರಲೆಂದು ಹೆಂಡತಿ ಕಲ್ಲು ಬೇಯಿಸಿದ ಮನೆಗೆ ಆ ಪದ ತೀರಾ ಗ್ರಾಂಥಿಕ.

ನಮ್ಮ ಮನೆಮಾತಿನ 'ದಾರಿ ನೋಡು' ಹತ್ತಿರ ಬರುತ್ತದೆ. ದಾರಿ ನೋಡುವವರಿಗೆ ಕಾಯುವುದು ಬೇರೆ, ಆಸೆ ಬೇರೆ ಅಲ್ಲ. ನಿಘಂಟಿನ ಮೂರು ಅರ್ಥಗಳು ಕರ್ನಲ್‌ಗೆ ಒಂದೇ ಬದುಕು.