ಪುರಾಣವಿಲ್ಲದ ಮಂಗಲ

ಶ್ರಾವಣ ಬಂತೆಂದರೆ ಬಿಜಾಪುರ ಸೀಮೆಯ ಹಳ್ಳಿಗಳಲ್ಲಿ ಪುರಾಣ ಹಚ್ಚುವ ಮಾತು ಏಳುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಮಸೂತಿಯಂಥ ಊರುಗಳ ವಾಡಿಕೆಯನ್ನೇ ನೋಡಿರಿ. ಹೊಲದ ಕೆಲಸ ತೀರಿ, ರಾತ್ರಿಯ ಊಟವಾದ ಮೇಲೆ ಜನ ಗುಡಿಯಲ್ಲಿಯೋ ಮಠದಲ್ಲಿಯೋ ಕೂಡುತ್ತಾರೆ. ಶಾಸ್ತ್ರಿಗಳು ಗ್ರಂಥ ಬಿಚ್ಚುತ್ತಾರೆ. ಬದಿಯಲ್ಲಿ ಗವಾಯಿಗಳ ಹಾರ್ಮೋನಿಯಂ, ಅದಕ್ಕೆ ಜೊತೆಯಾಗಿ ತಬಲಾ. ಬಸವಪುರಾಣವಿರಲಿ, ಕಲಬುರ್ಗಿಯ ಶರಣಬಸವೇಶ್ವರರ ಪುರಾಣವಿರಲಿ, ದಿನಕ್ಕೆ ಇಷ್ಟರಂತೆ ತಿಂಗಳುದ್ದಕ್ಕೂ ನಡೆಯುತ್ತದೆ. ರಾತ್ರಿ ಕೇಳಿದ ಕಥೆಯ ಮೇಲೆ ಮರುದಿನ ಕಟ್ಟೆಯ ಮೇಲೆ ವಾದವಾಗುತ್ತದೆ. ಅದೆಲ್ಲ ಮುಗಿದ ಮೇಲೆ ಒಂದು ದಿನ ಮಂಗಲ. ಅಂದು ಗ್ರಂಥದ ಮೆರವಣಿಗೆ, ಶಾಸ್ತ್ರಿಗಳಿಗೆ ಶಾಲು, ಆಯೇರಿ, ಊರಿಗೆಲ್ಲ ಹುಗ್ಗಿಯ ಪ್ರಸಾದ.

ನಮ್ಮ ಇಂದಿನ ಪುಸ್ತಕ ಬಿಡುಗಡೆಯ ಸಮಾರಂಭಗಳಿಗೆ ಹೋದಾಗಲೆಲ್ಲ ನನಗೆ ಆ ಮಂಗಲದ ದಿನ ನೆನಪಾಗುತ್ತದೆ. ಶಾಲು ಇದೆ, ಹಾರವಿದೆ, ಫಲಾಹಾರವೂ ಇದೆ. ಪುರಾಣವೊಂದು ಇಲ್ಲ. ಓದು ಆರಂಭವಾಗಬೇಕಾದ ದಿನವೇ ನಾವು ಅದನ್ನು ಮುಕ್ತಾಯ ಮಾಡಿಬಿಡುತ್ತೇವೆ.

ಈ ಸಭೆಗಳ ಕ್ರಮವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಲೋಕಾರ್ಪಣೆ, ಘನ ಉಪಸ್ಥಿತಿ ಎಂದು ಹೆಸರುಗಳ ಸಾಲು. ಪ್ರಾರ್ಥನೆ, ಸ್ವಾಗತ, ದೀಪ, ಸನ್ಮಾನಗಳಲ್ಲಿ ಒಂದು ಗಂಟೆ ಕಳೆಯುತ್ತದೆ. ಬಣ್ಣದ ಕಾಗದದ ಕಟ್ಟನ್ನು ಬಿಚ್ಚಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಎಲ್ಲರೂ ಫೋಟೋದವನತ್ತ ತಿರುಗುತ್ತಾರೆ. ಕೃತಿಪರಿಚಯ ಮಾಡುವವರು ಎದ್ದುನಿಲ್ಲುವ ಹೊತ್ತಿಗೆ ನಿರೂಪಕರ ಚೀಟಿ ಬರುತ್ತದೆ: ಹತ್ತೇ ನಿಮಿಷ. ಲೇಖಕನ ಪಾಲಿಗೆ ಕೊನೆಗೆ 'ನಾಲ್ಕು ಮಾತು'. ವಂದನಾರ್ಪಣೆಯ ತರುವಾಯ ಯಾರಾದರೂ ಪ್ರಶ್ನೆ ಕೇಳುವುದುಂಟೆ ಎಂದು ವಿಚಾರಿಸಿದರೆ ಅಡಿಗೆಯವರು ಕಾಯುತ್ತಿದ್ದಾರೆ ಎಂಬ ಉತ್ತರ ಬರುತ್ತದೆ.

ಈ ಪಾಪದಲ್ಲಿ ನನಗೂ ಪಾಲಿದೆ. ಎರಡು ದಿನ ಮೊದಲು ಕೈಗೆ ಬಂದ ನಾಲ್ಕುನೂರು ಪುಟದ ಗ್ರಂಥವನ್ನು ಮುನ್ನುಡಿ ಹಾಗೂ ಪರಿವಿಡಿಗಳ ಬಲದಿಂದ ವೇದಿಕೆಯ ಮೇಲೆ ಹೊಗಳಿದ್ದೇನೆ. ಚಪ್ಪಾಳೆ ಬಿತ್ತು. ತಿಂಗಳ ಮೇಲೆ ಸಾವಕಾಶವಾಗಿ ಓದಿದಾಗ ಅದರ ಮೂರನೆಯ ಅಧ್ಯಾಯ ಏಳನೆಯದಕ್ಕೆ ವಿರುದ್ಧವಾಗಿದ್ದುದು ಕಂಡಿತು. ಅದನ್ನು ಹೇಳಲು ಆಗ ಸಭೆಯೇ ಇರಲಿಲ್ಲ.

ಲೇಖಕನ ಸಂತೋಷದ ದಿನದಲ್ಲಿ ಹುಳುಕು ಹುಡುಕುವುದೇಕೆ ಎಂದು ಸಹೃದಯರು ಕೇಳಬಹುದು. ಆ ಸಂತೋಷದ ಮೇಲೆ ನನಗೆ ಕಣ್ಣಿಲ್ಲ. ವರ್ಷಗಟ್ಟಲೆ ಒಬ್ಬಂಟಿಯಾಗಿ ದುಡಿದವನಿಗೆ ಊರ ಜನ ಕೂಡಿ ಶಾಲು ಹೊದಿಸಿದರೆ ಅದು ಯೋಗ್ಯವೇ. ತೊಂದರೆ ಇರುವುದು ಬೇರೆ ಕಡೆಗೆ. ಸಭೆಯಲ್ಲಿ ಆಡಿದ ಉಪಚಾರದ ಮಾತು ಮರುದಿನ ಪತ್ರಿಕೆಯಲ್ಲಿ ವರದಿಯಾಗುತ್ತದೆ, ಮುಂದಿನ ಮುದ್ರಣದಲ್ಲಿ ಬೆನ್ನುಡಿಯಾಗುತ್ತದೆ, ಕಡೆಗೆ ಆ ಪುಸ್ತಕದ ಬಗೆಗೆ ನಾಡಿನಲ್ಲಿ ಉಳಿಯುವ ಏಕೈಕ ವಿಮರ್ಶೆಯಾಗುತ್ತದೆ. ಕವಿತೆಯಾದರೆ ಇಷ್ಟರಿಂದ ಬದುಕಿಕೊಂಡೀತು, ಯಾರಾದರೂ ಎರಡು ಸಾಲು ಹಾಡಿದರೂ ಸಾಕು. ಚರಿತ್ರೆ, ಸಂಶೋಧನೆ, ಜೀವನಚರಿತ್ರೆ, ಆತ್ಮಕಥೆ ಮೊದಲಾದ ಗ್ರಂಥಗಳ ಗತಿ ಹಾಗಲ್ಲ. ಅವು 'ಹೀಗೆ ನಡೆಯಿತು' ಎಂದು ಹೇಳುತ್ತವೆ. ನಡೆಯಿತೋ ಇಲ್ಲವೋ ಎಂದು ಕೇಳುವ ಓದುಗನಿಲ್ಲದೆ ಅವುಗಳಿಗೆ ಪೂರ್ಣತೆಯಿಲ್ಲ.

ಪುಸ್ತಕವನ್ನು ಜನರಿಗೆ ಮುಟ್ಟಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳು. ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲ ಅದು. ಅಚ್ಚಿನ ಯಂತ್ರವಿರುವ ಇಂದೂ ಕನ್ನಡದ ಎಷ್ಟೋ ಒಳ್ಳೆಯ ಗ್ರಂಥಗಳ ಮೊದಲ ಮುದ್ರಣ ಆ ಸಾವಿರವನ್ನು ದಾಟುವುದಿಲ್ಲವೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ಕಾದಂಬರಿಯ ರುಚಿಯನ್ನು ಉತ್ತರ ಕರ್ನಾಟಕಕ್ಕೆ ಹತ್ತಿಸಿದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ತಮ್ಮ ಕವಿತೆಯನ್ನು ಓದಿದ್ದನ್ನು ಕನ್ನಡಿಗರು ಇನ್ನೂ ಕಥೆಯಂತೆ ಹೇಳುತ್ತಾರೆ. ಅವರ 'ಗರಿ' ಸಂಕಲನ ಅಚ್ಚಾದದ್ದು ಅದಾಗಿ ಮೂರು ವರ್ಷಕ್ಕೆ. ಜನ ಮೊದಲು ಕವಿತೆಯನ್ನು ಕೇಳಿದರು, ಪುಸ್ತಕ ಹಿಂದಿನಿಂದ ಬಂದಿತು. ಪರದೇಶದಲ್ಲಿಯೂ ಹೀಗೆಯೇ. ಚಾರ್ಲ್ಸ್ ಡಿಕನ್ಸ್ 1858ರಿಂದ 1870ರ ವರೆಗೆ ಟಿಕೇಟಿಟ್ಟು ತನ್ನ ಕಥೆಗಳನ್ನು ಸಭೆಗಳಲ್ಲಿ ಓದಿದಾಗ ಜನ ಮುಗಿಬಿದ್ದದ್ದು ತಮಗೆ ಮೊದಲೇ ಪರಿಚಿತವಾಗಿದ್ದ ಪಾತ್ರಗಳನ್ನು ಅವನ ಬಾಯಿಂದಲೇ ಕೇಳಬೇಕೆಂದು.

ಬಿಜಾಪುರದವರಿಗೆ ಇವೆಲ್ಲಕ್ಕಿಂತ ಹತ್ತಿರದ ಉದಾಹರಣೆ ಫ. ಗು. ಹಳಕಟ್ಟಿಯವರದು. ವಕೀಲಿ ವೃತ್ತಿಯ ಈ ಸಜ್ಜನರು ಮನೆಮನೆಯ ತಾಳೆಗರಿಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. 1925ರಲ್ಲಿ ಬಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯ ಕಟ್ಟಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ'. ಆ ಕ್ರಮದಲ್ಲಿಯೇ ಒಂದು ವಿವೇಕವಿದೆ. ಗ್ರಂಥ ಹೊರಬಂದ ಮೇಲೆ ಅವರ ಕೆಲಸ ನಿಲ್ಲಲಿಲ್ಲ. ಅದನ್ನು ಓದಿಸುವುದಕ್ಕೆ, ಅದರ ಕುರಿತು ಬರೆಯಿಸುವುದಕ್ಕೆ, ತಿದ್ದುಪಡಿಗೆ ಎಡೆ ಮಾಡುವುದಕ್ಕೆ ಪತ್ರಿಕೆ ಬೇಕಾಯಿತು. 1964ರಲ್ಲಿ ತೀರಿಕೊಳ್ಳುವ ವರೆಗೂ ಬಡತನದಲ್ಲಿಯೇ ಅವರು ಈ ಪುರಾಣವನ್ನು ನಡೆಯಿಸಿದರು.

ಅವರು ಬೆಳಕಿಗೆ ತಂದ ವಚನಗಳ ಪರಂಪರೆಯಲ್ಲಿಯೇ ಲೇಖಕನೊಡನೆ ಸಂವಾದ ಹೇಗಿರಬೇಕೆಂಬುದರ ಮೇಲ್ಪಂಕ್ತಿ ಇದೆ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯನ್ನು ತೆರೆದು ನೋಡಿರಿ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮನೆಬಾಗಿಲಿಗೆ ಕಲ್ಯಾಣದಲ್ಲಿ ಅಕ್ಕಮಹಾದೇವಿ ಬಂದಾಗ ಅಲ್ಲಮನು ಅವಳನ್ನು ಹೊಗಳಿ ಕೂಡಿಸುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಒಂದಕ್ಕೂ ಹಿಂಜರಿಯದೆ ಉತ್ತರ ಕೊಟ್ಟ ಮೇಲೆಯೇ ಅವಳಿಗೆ ಗೌರವ. ಸಿದ್ಧರಾಮನಂಥ ದೊಡ್ಡವನಿಗೂ ಈ ಪರೀಕ್ಷೆ ತಪ್ಪಲಿಲ್ಲ. ಪ್ರಶ್ನೆಯೆಂದರೆ ಅಪಮಾನವೆಂಬ ಭಾವನೆ ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇಷ್ಟು ದೊಡ್ಡ ಸಂವಾದದ ಗ್ರಂಥವುಳ್ಳ ಸೀಮೆಯಲ್ಲಿ ಬಿಡುಗಡೆಯ ಸಭೆಯೊಂದರಲ್ಲಿ ಯಾರಾದರೂ ಎದ್ದು ಆಕ್ಷೇಪಿಸಿದರೆ ಸಂಘಟಕರು ಗಾಬರಿಯಾಗುತ್ತಾರೆ.

ಸಭೆಯಲ್ಲಿ ಭಿನ್ನಮತಕ್ಕೆ ಎಡೆಯಿಲ್ಲದಿದ್ದರೆ ಅದು ಇಲ್ಲವಾಗುವುದಿಲ್ಲ, ಬೇರೆ ಕಡೆಗೆ ಹೋಗುತ್ತದೆ. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಬಾಳನ್ನು ಇಲ್ಲಿ ನೆನೆಯದೆ ವಿಧಿಯಿಲ್ಲ. ಅವರ 'ಮಾರ್ಗ' ಸಂಪುಟದ ಬರಹಗಳ ಮೇಲೆ ವಿವಾದವೆದ್ದು 1989ರಲ್ಲಿ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ಮಾಲೆಯ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಸಭೆಗಳು ಸರಿಯಿದ್ದರೆ ಇದು ತಪ್ಪುತ್ತಿತ್ತೆಂದು ಹೇಳುವಷ್ಟು ಹುಂಬತನ ನನಗಿಲ್ಲ. ಆದರೆ ಶಾಸನ, ಹಸ್ತಪ್ರತಿಗಳ ಆಧಾರದ ಮೇಲೆ ಎತ್ತಿದ ಮಾತಿಗೆ ಶಾಸನ, ಹಸ್ತಪ್ರತಿಗಳ ಆಧಾರದಿಂದಲೇ ಎದುರುತ್ತರ ಕೊಡುವ ಕಟ್ಟೆಗಳು ಊರೂರಿಗೆ ಇರುವ ಸಮಾಜದಲ್ಲಿ ಪುಸ್ತಕವನ್ನು ಓದದೆ ಸಿಟ್ಟಾಗುವವನಿಗೆ ಬಲ ಕಡಿಮೆ. ನಾವು ಅಂಥ ಕಟ್ಟೆಗಳನ್ನು ಕಟ್ಟದೆ ಹಾರ ತುರಾಯಿಗಳ ವೇದಿಕೆಗಳನ್ನು ಕಟ್ಟಿದೆವು.

ಎಲ್ಲವೂ ಕೆಟ್ಟಿದೆಯೆಂದರೆ ಅನ್ಯಾಯವಾದೀತು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಮ್ ಶಿಬಿರಗಳಲ್ಲಿ ಮಾತನಾಡಿದವನು ಪ್ರಶ್ನೆಗೆ ಸಿದ್ಧನಿರಬೇಕು. 2013ರಲ್ಲಿ ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ ಆರಂಭವಾದ ಧಾರವಾಡದ ಸಾಹಿತ್ಯ ಸಂಭ್ರಮ ಗೋಷ್ಠಿಗಳಲ್ಲಿ ಸಂವಾದಕ್ಕೆ ಹೊತ್ತು ಇಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬಿಜಾಪುರದಲ್ಲಿ ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 79ನೆಯ ಸಾಹಿತ್ಯ ಸಮ್ಮೇಳನವೂ ಆಯಿತು. ಆದರೆ ಇವೆಲ್ಲ ಹೋಗಿ ಸೇರಬಲ್ಲವರ ಜಾತ್ರೆಗಳು. ಜಾತ್ರೆ ಮುಗಿದ ಮೇಲೆ ಮಸೂತಿಗೆ ಉಳಿಯುವುದೇನು?

ಮಸೂತಿಯ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಒಂದು ದಿಕ್ಕಿಗೆ ಕೃಷ್ಣೆಯ ಮೇಲಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು, ಇನ್ನೊಂದು ದಿಕ್ಕಿಗೆ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು. ಸಮೀಪದ ಹಳೆಯ ಕೊಲ್ಹಾರ ನೀರಿನ ಪಾಲಾಗಿ ಜನ ಹೊಸ ಊರು ಕಟ್ಟಿಕೊಂಡರು. ಮುಳುಗಡೆಯ ಕುರಿತು, ನೀರಾವರಿಯ ಕುರಿತು, ಹೊಲ ಕೊಟ್ಟವರ ಕುರಿತು ಬರೆದ ಗ್ರಂಥವನ್ನು ಪರೀಕ್ಷಿಸಲು ಇವರಿಗಿಂತ ಬಲ್ಲವರು ಯಾರಿದ್ದಾರೆ? ಬೆಂಗಳೂರಿನ ಸಭಾಭವನದಲ್ಲಿ ಅಂಥ ಪುಸ್ತಕಕ್ಕೆ ಚಪ್ಪಾಳೆ ಸಿಕ್ಕೀತು. 'ಹಂಗಲ್ಲರೀ ಸಾಹೇಬರ, ನಮ್ಮ ಹೊಲದ ಮಾತು ಬ್ಯಾರೇನ ಐತಿ' ಎಂದು ಹೇಳುವವನು ಸಿಗಬೇಕಾದರೆ ಇಲ್ಲಿಗೇ ಬರಬೇಕು. ಲೇಖಕ ತುಸು ಬೆವರಬಹುದು. ಅವನ ಎರಡನೆಯ ಮುದ್ರಣ ಮೊದಲನೆಯದಕ್ಕಿಂತ ಸತ್ಯವಾಗುತ್ತದೆ.

ಇದಕ್ಕೆ ಬಹಳ ಖರ್ಚೂ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರಿದೆ. ಒಳ್ಳೆಯದೊಂದು ಪುಸ್ತಕದ ಐದಾರು ಪ್ರತಿಗಳನ್ನು ಅಲ್ಲಿ ಇಡಲಿ. ವಾರಕ್ಕೊಂದು ಸಂಜೆ ಶಾಲೆಯ ಮಾಸ್ತರರೋ ಕಾಲೇಜಿಗೆ ಹೋಗುವ ಹುಡುಗಿಯೋ ಒಂದೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ಪುರಾಣ ಕೇಳಿ ರೂಢಿಯಿದ್ದ ಜನಕ್ಕೆ ಕೇಳುವ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಕ್ಷರ ಬಾರದ ಮುದುಕರೂ ಬಂದು ಕೂತಾರು. ಓದು ಮುಗಿದ ದಿನ ಲೇಖಕನನ್ನು ಕರೆಯಬೇಕು. ಅಂದು ಅವನು ಹೆಚ್ಚು ಹೊತ್ತು ಕೇಳಬೇಕು, ಕಡಿಮೆ ಹೊತ್ತು ಮಾತನಾಡಬೇಕು. ಹೊಗಳುವವನೊಬ್ಬ ವೇದಿಕೆಯ ಮೇಲಿದ್ದರೆ ಒಪ್ಪದವನೊಬ್ಬನೂ ಇರಬೇಕು, ಇಬ್ಬರೂ ಪುಸ್ತಕವನ್ನು ಕೊನೆಯ ಪುಟದ ವರೆಗೆ ಓದಿರಬೇಕು.

ಶಾಲು, ಹಾರ, ಹುಗ್ಗಿಗಳು ಆ ದಿನ ಇರಲಿ. ಅಂದು ಅವು ಶೋಭಿಸುತ್ತವೆ.