ಗುಮ್ಮಟದ ಕೆಳಗೆ ಕೂರುವುದೆಲ್ಲಿ?

ನವಿ ಮುಂಬಯಿಯ ಸಾರ್ವಜನಿಕ ಕಟ್ಟಡಗಳಿಗೆ ಸಿಕ್ಕಿರುವ ಹೊಗಳಿಕೆ ಅವುಗಳ ಯೋಗ್ಯತೆಗಿಂತ ಬಹಳ ಹೆಚ್ಚು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಕಂಡ ಕನಸು, ಊರು ಕಟ್ಟಲೆಂದು 1970ರಲ್ಲಿ ಹುಟ್ಟಿದ ಸಿಡ್ಕೊ, ಖಾಡಿ ದಾಟಿ 1992ರಲ್ಲಿ ವಾಶಿಗೆ ಬಂದ ಲೋಕಲ್ – ಈ ಕಥೆಯನ್ನು ಇಲ್ಲಿನ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ರೈಲುದಾರಿಯ ಖರ್ಚಿನ ಮೂರನೇ ಎರಡು ಪಾಲನ್ನು ಸಿಡ್ಕೊ ಹೊತ್ತಿತು, ಸ್ಟೇಷನ್‌ಗಳನ್ನು ಮನಸ್ಸು ಬಿಚ್ಚಿ ಕಟ್ಟಿತು. ದಾದರ್, ಕುರ್ಲಾಗಳಲ್ಲಿ ನೂಕಾಡಿ ಬಂದವರು ಅಲ್ಲಿ ಇಳಿದಾಗ ಉಸಿರು ಬಿಟ್ಟದ್ದು ನಿಜ. ಆ ಉಸಿರೇ ಮುಂದೆ ಪ್ರಶಸ್ತಿಪತ್ರವಾಯಿತು. 2014ರಲ್ಲಿ ಬೇಲಾಪುರದ ಪಾಮ್ ಬೀಚ್ ರಸ್ತೆಯ ತುದಿಯಲ್ಲಿ ಮಹಾನಗರಪಾಲಿಕೆಯ ಹೊಸ ಮುಖ್ಯಾಲಯ ತಲೆಯೆತ್ತಿದಾಗ ಆ ಪತ್ರಕ್ಕೆ ಒಂದು ಗುಮ್ಮಟವೂ ಸೇರಿತು.

ಗುಮ್ಮಟದ ಬಗ್ಗೆ ನಡೆದ ಜಗಳ ನೋಡಿ. ಹಿತೇನ್ ಸೇಠಿ ವಿನ್ಯಾಸ ಮಾಡಿದ ಈ ಕಟ್ಟಡ ಪರದೇಶದ ಸಂಸತ್ ಭವನಗಳ ನಕಲು, ಕೊರಿಯಾ ಕನಸಿದ ಊರಿಗೆ ಇದು ಒಪ್ಪದು ಎಂದು ಒಂದು ಪಂಗಡ. ಊರೆಂದ ಮೇಲೆ ದೂರದಿಂದ ಕಾಣುವ ಗುರುತೊಂದು ಬೇಕು, ಜನಕ್ಕೆ ಹೆಮ್ಮೆಯಾದರೆ ತಪ್ಪೇನು ಎಂದು ಇನ್ನೊಂದು. ಎರಡೂ ಪಂಗಡದ ವಿಮರ್ಶಕರು ರಸ್ತೆಯಲ್ಲೇ ನಿಂತು ಕತ್ತೆತ್ತಿ ನೋಡಿದವರು. ಜನನ ಪ್ರಮಾಣಪತ್ರಕ್ಕೋ ಮನೆತೆರಿಗೆಯ ತಕರಾರಿಗೋ ಬಂದವರು ಒಳಗೆ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಎದ್ದಾಗ ಸೊಂಟ ಹೇಗಿರುತ್ತದೆ – ನಾನು ಓದಿದ ಒಂದು ಬರಹವೂ ಇದನ್ನು ಕೇಳಿಲ್ಲ. ಸರ್ಕಾರಿ ಕಟ್ಟಡದ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ. ಮುಖಮಂಟಪವನ್ನು ಜನ ಒಂದು ನಿಮಿಷ ನೋಡುತ್ತಾರೆ, ಬೆಂಚಿನ ಮೇಲೆ ಅರ್ಧ ದಿನ ಕಳೆಯುತ್ತಾರೆ.

ಆ ಬೆಂಚನ್ನು ಹತ್ತಿರದಿಂದ ನೋಡೋಣ. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ ಎಲ್ಲಿಗೆ ಹೋದರೂ ಸಿಗುವುದು ಅದೇ: ತೂತು ಹೊಡೆದ ಸ್ಟೀಲ್ ತಗಡಿನ ಮೂರು ಸೀಟು, ಕೆಳಗೆ ಒಂದೇ ಉದ್ದದ ತೊಲೆ, ಎರಡು ಕಾಲು, ನಡುನಡುವೆ ಕೈಗಳು. ‘ಥ್ರೀ ಸೀಟರ್’ ಎಂದರೆ ಪೀಠೋಪಕರಣದ ಅಂಗಡಿಯವರು ಬೇರೇನೂ ಕೇಳದೆ ಇದನ್ನೇ ತೋರಿಸುತ್ತಾರೆ. ಮೂಲದಲ್ಲಿ ಇದು ವಿಮಾನ ನಿಲ್ದಾಣದ ವಸ್ತು. ಏಸಿಯಿದ್ದು, ಸಾಮಾನನ್ನು ಮೊದಲೇ ಒಪ್ಪಿಸಿ ಕೈ ಖಾಲಿ ಮಾಡಿಕೊಂಡವರಿಗಾಗಿ ಬಂದದ್ದು. ನಮ್ಮ ತಹಶೀಲ್ದಾರ್ ಕಚೇರಿಗೆ ಬರುವವರ ಕೈ ಖಾಲಿಯಿರುವುದಿಲ್ಲ. ಫೈಲು, ಡಬ್ಬಿ, ಕೊಡೆ, ಹೆಲ್ಮೆಟ್, ಒಮ್ಮೊಮ್ಮೆ ಕಂಕುಳಲ್ಲಿ ಮಗು. ಸೀಟಿನ ಪಕ್ಕ ಜಾಗವಿಲ್ಲ, ಕೆಳಗೆ ಇಟ್ಟರೆ ಮಳೆಗಾಲದ ಒದ್ದೆ ನೆಲ. ಎಲ್ಲವೂ ತೊಡೆಯ ಮೇಲೆ.

 ನುಣುಪಾದ ತಗಡಿನ ಮೇಲೆ ನೈಲಾನ್ ಸೀರೆ ಜಾರುತ್ತದೆ, ಹೆಂಗಸರು ಪಾದ ಊರಿ ತಮ್ಮನ್ನು ತಾವೇ ತಡೆದುಕೊಂಡು ಕೂರಬೇಕು. ಪಾದ ಊರಲು ನೆಲ ಎಟುಕಬೇಕಲ್ಲ! ಸೀಟಿನ ಎತ್ತರ ಸುಮಾರು 45 ಸೆಂಟಿಮೀಟರ್. ನಮ್ಮ ಸರಾಸರಿ ಹೆಂಗಸಿನ ಮೊಣಕಾಲಿನ ಹಿಂಭಾಗ ನೆಲದಿಂದ 40ರ ಆಸುಪಾಸಿನಲ್ಲಿರುತ್ತದೆ. ಚಪ್ಪಲಿಯ ದಪ್ಪ ಸೇರಿಸಿದರೂ ಹಿಮ್ಮಡಿ ತೇಲುತ್ತದೆ, ಮಡಿಸಿದ ತಗಡಿನ ಅಂಚು ತೊಡೆಯ ಕೆಳಗೆ ಒತ್ತುತ್ತದೆ, ಕಾಲು ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಒಬ್ಬರು ಧಪ್ಪನೆ ಕೂತರೆ ತೊಲೆ ಬಾಗಿ ಉಳಿದಿಬ್ಬರೂ ಅಲುಗುತ್ತಾರೆ. ಅವರಲ್ಲೊಬ್ಬರು ತೊಡೆಯ ಮೇಲೆ ಅರ್ಜಿ ತುಂಬುತ್ತಿದ್ದರೆ ಅಕ್ಷರ ಹಾಳು. ತೂತುಗಳು ಗಾಳಿಗೆಂದು ಇವೆ; ಕೂತವರ ಮೈಯೇ ಅವನ್ನು ಮುಚ್ಚುತ್ತದೆ, ಮೇ ತಿಂಗಳ ಬೆವರಿಗೆ ಅವು ಸಾಲವು. ಖಾಡಿಯ ಉಪ್ಪುಗಾಳಿಗೆ ತಗಡು ತಡೆದರೂ ಬೋಲ್ಟ್ ತುಕ್ಕು ಹಿಡಿಯುತ್ತದೆ. ಒಂದು ಕಾಲು ಸಡಿಲಾದರೆ ಮೂರು ಸೀಟೂ ಒಟ್ಟಿಗೆ ಮೂಲೆ ಸೇರುತ್ತವೆ. ಒಂದು ಮಾತು ಮಾತ್ರ ಇದರ ಪರವಾಗಿದೆ: ನಡುವಿನ ಕೈ ಹಿಡಿದು ಏಳಲು ವಯಸ್ಸಾದವರಿಗೆ ಅನುಕೂಲ. ಆದರೆ ಅದೇ ಕೈ, ಜ್ವರ ಬಂದ ಮಗುವನ್ನು ಮಲಗಿಸಲು ಬಿಡುವುದಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಇದೇ ಬೆಂಚನ್ನು ತಂದು ಹಾಕಿದವರನ್ನು ಏನೆನ್ನಬೇಕು?

ನಮ್ಮ ಉಡುಪಿ ಹೋಟೆಲಿನವರು ಹಿಂದಿನಿಂದ ಬಲ್ಲ ಲೆಕ್ಕವೊಂದಿದೆ: ಗಿರಾಕಿ ಕಾಫಿ ಮುಗಿಸಿ ಬೇಗ ಏಳಬೇಕಾದರೆ ಕುರ್ಚಿ ಮೆತ್ತಗಿರಬಾರದು. ಅಲ್ಲಿ ಅದು ನ್ಯಾಯ, ಏಕೆಂದರೆ ಏಳುವುದು ಗಿರಾಕಿಯ ಕೈಯಲ್ಲಿದೆ. ಸರ್ಕಾರಿ ಕಚೇರಿಯಲ್ಲಿ ಹೆಸರು ಕರೆಯುವವರೆಗೆ ಏಳುವ ಹಾಗಿಲ್ಲ. ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯಿದೆ ಬಂದ ಮೇಲೆ ಯಾವ ಪ್ರಮಾಣಪತ್ರ ಎಷ್ಟು ದಿನದಲ್ಲಿ ಸಿಗಬೇಕೆಂದು ಗೊತ್ತುಮಾಡಲಾಗಿದೆ. ಅದಕ್ಕಾಗಿ ಕಾಯುವವರು ಹೇಗೆ ಕೂರಬೇಕೆಂಬುದು ಯಾರ ಜವಾಬ್ದಾರಿಯೂ ಆಗಿಲ್ಲ.

ಇನ್ನು ಈ ತಗಡಿಗಿಂತ ಮೊದಲು ಕಚೇರಿಗಳಲ್ಲಿದ್ದ ಬೆತ್ತದ ಕುರ್ಚಿಯ ಮಾತು. ಇಲ್ಲಿ ನನ್ನ ತಕರಾರು ವಿನ್ಯಾಸದ ವಿಮರ್ಶಕರ ಜೊತೆ. ಸರ್ಕಾರಿ ಪೀಠೋಪಕರಣ ಎಂದೊಡನೆ ಅವರು ಚಂಡೀಗಢಕ್ಕೆ ಓಡುತ್ತಾರೆ. ಲ ಕಾರ್ಬ್ಯೂಸಿಯೆಯ ಸೋದರಸಂಬಂಧಿ ಪಿಯೆರ್ ಜಾನರೆ 1950ರ ದಶಕದಲ್ಲಿ ಅಲ್ಲಿನ ಕಚೇರಿಗಳಿಗೆ ಮಾಡಿಸಿದ ತೇಗ-ಬೆತ್ತದ ಕುರ್ಚಿಗಳು ಗುಜರಿಗೆ ಹೋಗಿ, ಗುಜರಿಯಿಂದ ಯೂರೋಪು ಅಮೆರಿಕದ ಹರಾಜಿಗೆ ಹೋಗಿ ಲಕ್ಷಗಟ್ಟಲೆ ಬೆಲೆ ಕಂಡವು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಅವುಗಳ ಮಾರಾಟಕ್ಕೆ ತಡೆ ಹಾಕಬೇಕಾಯಿತು. ಈಗ ಆ ಕುರ್ಚಿಗಳ ಓರೆಕಾಲಿನ ಬಗ್ಗೆ ಪುಸ್ತಕಗಳೇ ಬರುತ್ತವೆ. ಆ ಕೆಲಸದಲ್ಲಿ ಜೊತೆಗಿದ್ದ ಯೂಲಿ ಚೌಧರಿಯ ಹೆಸರೂ ಎಷ್ಟೋ ಕಡೆ ಬಿಟ್ಟುಹೋಗುತ್ತದೆ, ಬಡಗಿಗಳ ಮಾತು ಬಿಡಿ. ಆ ಕುರ್ಚಿಯ ಗುಣವಿರುವುದು ಕಾಲಿನಲ್ಲಲ್ಲ, ಹೆಣಿಗೆಯಲ್ಲಿ. ಆ ಹೆಣಿಗೆ ಜಾನರೆ ಕಂಡುಹಿಡಿದದ್ದಲ್ಲ. ಅವನಿಗಿಂತ ಮೊದಲೇ ದೇಶದ ಕೋರ್ಟು ಕಚೇರಿಗಳಲ್ಲೆಲ್ಲ ಬೆತ್ತದ ಕುರ್ಚಿಯಿತ್ತು, ಅದನ್ನು ಯಾರೂ ಹರಾಜಿಗೆ ಒಯ್ಯಲಿಲ್ಲ.

ಠಾಣೆ ಜಿಲ್ಲೆಯ ಹವೆಗೆ ಅದಕ್ಕಿಂತ ಒಳ್ಳೆಯ ಆಸನ ಇನ್ನೂ ಬಂದಿಲ್ಲ. ಬೆತ್ತ ಮೈಭಾರಕ್ಕೆ ತಕ್ಕಷ್ಟು ಬಾಗುತ್ತದೆ, ಒತ್ತಡವನ್ನು ಹಂಚುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ, ಬೆವರು ನಿಲ್ಲುವುದಿಲ್ಲ. ಜೋತುಬಿದ್ದರೆ ಹೆಣಿಗೆಯನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು, ಚೌಕಟ್ಟು ದಶಕಗಟ್ಟಲೆ ಬಾಳುತ್ತದೆ. ಈ ಮರುಹೆಣಿಗೆಯ ಹಿಂದೆ ನಾವು ಮರೆತ ದೊಡ್ಡ ವ್ಯವಸ್ಥೆಯಿತ್ತು: ಕುರ್ಚಿ ಹೆಣೆಯುವ ಕೆಲಸ ಬಹುಮಟ್ಟಿಗೆ ಅಂಧರದಾಗಿತ್ತು. ಅಂಧರ ಶಾಲೆಗಳು ಅದನ್ನು ಕಲಿಸುತ್ತಿದ್ದವು, ಸರ್ಕಾರಿ ಕಚೇರಿಗಳು ಆ ಕೆಲಸ ಕೊಡುತ್ತಿದ್ದವು. ತೂತುಗಳ ಅಂತರವನ್ನು ಬೆರಳಲ್ಲೇ ಅಳೆದು, ಮೊದಲು ಉದ್ದ, ಆಮೇಲೆ ಅಡ್ಡ, ಕೊನೆಗೆ ಎರಡು ಕಡೆಯಿಂದ ಓರೆ ಎಳೆ ಹಾಯಿಸಿ ಎಳೆಯುವ ಕೆಲಸಕ್ಕೆ ಕಣ್ಣು ಬೇಕಿಲ್ಲ, ಕೈಯ ನೆನಪು ಸಾಕು. ಫೋಮು ರೆಕ್ಸಿನ್‌ನ ತಿರುಗುಕುರ್ಚಿ ಬಂದದ್ದೇ ಆ ಜೀವನೋಪಾಯವೂ ಹೋಯಿತು. ಬೆತ್ತದಲ್ಲಿ ತಿಗಣೆ ಸೇರುತ್ತಿತ್ತು, ತೇಗ ದುಬಾರಿಯಾಯಿತು – ಒಪ್ಪುತ್ತೇನೆ. ಆದರೆ ಕಬ್ಬಿಣದ ಚೌಕಟ್ಟಿಗೂ ಹೆಣಿಗೆ ಹಾಕಬಹುದು, ಪ್ಲಾಸ್ಟಿಕ್ ಬೆತ್ತವೂ ಬಂದಿದೆ. ಅಷ್ಟಕ್ಕೇ ಇಡೀ ಪದ್ಧತಿಯನ್ನು ಎಸೆಯಬೇಕಿರಲಿಲ್ಲ.

ಎಸೆದದ್ದು ಇದೊಂದೇ ಅಲ್ಲ. ಹಳೆಯ ಪೋಸ್ಟಾಫೀಸಿನಲ್ಲಿ ನಿಂತು ಬರೆಯುವ ಇಳಿಜಾರು ಮೇಜು ಇರುತ್ತಿತ್ತು, ದಾರಕ್ಕೆ ಕಟ್ಟಿದ ಪೆನ್ನು, ಅಂಟಿನ ಡಬ್ಬಿ. ಇಂದು ಪ್ರಮಾಣಪತ್ರದ ಅರ್ಜಿ ಕೊಡುವ ಸೇತು ಕೇಂದ್ರದ ಹೊರಗೆ ಜನ ಗೋಡೆಗೆ ಕಾಗದ ಒತ್ತಿ ಬರೆಯುತ್ತಾರೆ. ಕೌಂಟರಿನ ಗಾಜಿನ ಕಂಡಿಯಂತೂ ಒಳಗೆ ಕೂತವರ ಅಳತೆಗೆ ಕೊರೆದದ್ದು, ಹೊರಗಿರುವವರು ಬಗ್ಗಿ ಮಾತಾಡಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ, 2017ರಲ್ಲಿ ಅದರ ನಿಯಮಗಳು ಬಂದಂದಿನಿಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಸುಗಮ್ಯಗೊಳಿಸಬೇಕೆಂದಿತು. ಇಳಿಜಾರು ದಾರಿಗಳು ಬಂದವು. ಆ ದಾರಿಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಒಳಬಂದವರ ಮುಖಕ್ಕೆ ಎದುರಾಗುವುದು ಕೌಂಟರಿನ ಕಲ್ಲು.

ಬೇಕಾದ ಮಾಹಿತಿ ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ದೇಬಕುಮಾರ್ ಚಕ್ರವರ್ತಿ ಭಾರತೀಯರ ಮೈಯಳತೆಗಳನ್ನು ಕಲೆಹಾಕಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ಕಚೇರಿಗಳ ಖರೀದಿ ಇಂದು ಸರ್ಕಾರದ ಜೆಮ್ ಪೋರ್ಟಲ್‌ನಲ್ಲಿ ನಡೆಯುತ್ತದೆ. ತಗಡಿನ ದಪ್ಪ, ಸೀಟಿನ ಸಂಖ್ಯೆ, ವಾರಂಟಿ ನಮೂದಿಸಿ ಕಡಿಮೆ ದರದವರಿಗೆ ಆರ್ಡರ್. ಆ ನಮೂನೆಗೆ ಇನ್ನೆರಡು ಸಾಲು ಸೇರಲಿ. ಸೀಟಿನ ಎತ್ತರ ಆ ಪುಸ್ತಕದ ಹೆಂಗಸರ ಅಳತೆಗೆ ಹೊಂದಬೇಕು. ಮಾದರಿ ಬೆಂಚು ಕಲ್ಯಾಣದ ತಹಶೀಲ್ದಾರ್ ಕಚೇರಿಯ ಪಡಸಾಲೆಯಲ್ಲಿ ಒಂದು ವಾರ ಇದ್ದು, ಕೂತವರನ್ನು ಕೇಳಿದ ಮೇಲೆಯೇ ಬಿಲ್ ಪಾಸಾಗಬೇಕು.