ಫ್ಲೆಕ್ಸ್ ಅಂಗಡಿಯ ಕಲಾವಿದನಿಗೆ ವಿಮರ್ಶೆ ಬೇಡವೇ?

ಕನ್ನಡದಲ್ಲಿ ಕತೆ, ಕವಿತೆ, ಕಾದಂಬರಿಗಳಿಗೆ ವಿಮರ್ಶೆಯಿದೆ. ನಾಟಕ, ಸಿನಿಮಾಗಳಿಗೂ ಇದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಜನ ದಿನನಿತ್ಯ ಓದುವ ಬರಹಕ್ಕೆ ಮಾತ್ರ ವಿಮರ್ಶಕರಿಲ್ಲ. ಅದು ಅಂಗಡಿಯ ಬೋರ್ಡು, ಲಗ್ನಪತ್ರಿಕೆ, ಗಣೇಶೋತ್ಸವ ಮತ್ತು ಉರೂಸಿನ ಪೋಸ್ಟರು, ಹುಟ್ಟುಹಬ್ಬದ ಹಾಗೂ ಶ್ರದ್ಧಾಂಜಲಿಯ ಫ್ಲೆಕ್ಸುಗಳ ಬರಹ. ವರ್ಷಕ್ಕೊಂದು ಪುಸ್ತಕ ಕೊಳ್ಳದವರೂ ಇದನ್ನು ಓದುತ್ತಾರೆ. ನಮ್ಮಂತಹ ಕತೆಗಾರರಿಗೆ ಅಷ್ಟು ಓದುಗರು ಎಂದೂ ಸಿಗಲಾರರು. ಹೀಗಿರುವಾಗ ಇದನ್ನು ರೂಪಿಸುವ ಯುವ ವಿನ್ಯಾಸಕಾರರ ಕೆಲಸವನ್ನು ಕಲೆಯೆಂದು ಒಪ್ಪಿ, ಅದರ ಗುಣದೋಷಗಳನ್ನು ಎತ್ತಿ ಹೇಳುವುದು ಸಾಹಿತ್ಯದವರ ಕೆಲಸವೂ ಹೌದೆಂದು ನಾವು ಭಾವಿಸಿದ್ದೇವೆ.

ಈ ಯುವಕರ ವೃತ್ತಿಯ ದಾರಿ ಹೆಚ್ಚುಕಡಿಮೆ ಒಂದೇ. ಪಿಯುಸಿ ಮುಗಿಸಿಯೋ, ಅರ್ಧಕ್ಕೆ ಬಿಟ್ಟೋ ಡಿಟಿಪಿ ಅಂಗಡಿ ಸೇರುತ್ತಾರೆ. ನುಡಿಯಲ್ಲಿ ಟೈಪ್ ಮಾಡುವುದು, ಫೋಟೋಶಾಪಿನಲ್ಲಿ ಮುಖ ಕತ್ತರಿಸುವುದು, ಕೋರೆಲ್ ಡ್ರಾದಲ್ಲಿ ಎಲ್ಲವನ್ನೂ ಜೋಡಿಸುವುದು ಕೆಲವೇ ತಿಂಗಳಲ್ಲಿ ಕೈಗೆ ಹತ್ತುತ್ತದೆ. ಅಂಗಡಿಯಲ್ಲಿ ಇವರನ್ನು ಕರೆಯುವುದು 'ಆಪರೇಟರ್' ಎಂದು. ಗಿರಾಕಿ ದುಡ್ಡು ಕೊಡುವುದು ಚದರಡಿಯ ಲೆಕ್ಕದಲ್ಲಿ. ವಿನ್ಯಾಸವೆಂಬುದು ಅದರ ಜೊತೆ ಪುಕ್ಕಟೆಯಾಗಿ ಬರುವ ವಸ್ತು. ಹಾಗಾಗಿ ಇಲ್ಲಿ ಪ್ರಗತಿಯೆಂದರೆ ವೇಗ ಮಾತ್ರ. ಗಂಟೆಗೆ ಎರಡು ಫ್ಲೆಕ್ಸ್ ಮುಗಿಸುವವನು ನಾಲ್ಕು ಮುಗಿಸಿದರೆ ಆತ ಬೆಳೆದನೆಂದು ಅರ್ಥ. ಇವರು ನಂಬಿರುವ ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. ನಿಷೇಧದ ನಂತರವೂ ಅದು ಬೀದಿಯಲ್ಲಿ ಉಳಿದಿದೆ ನಿಜ. ಆದರೆ ಯಂತ್ರ ನಿಂತ ದಿನ ಈ ಹುಡುಗನ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ನಾಗಮಂಗಲದಲ್ಲಿ 1920ರಲ್ಲಿ ಹುಟ್ಟಿದ ಎಂ.ಟಿ.ವಿ. ಆಚಾರ್ಯರೂ ಸಂಬಳಕ್ಕೆ ಚಿತ್ರ ಬರೆದವರೇ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದ ಅವರು ಮದ್ರಾಸಿಗೆ ಹೋಗಿ 'ಚಂದಮಾಮ' ಸೇರಿದರು. 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಮುಂದೆ ಕನ್ನಡಕ್ಕೂ ಬಂದ ಆ ಮಾಸಪತ್ರಿಕೆಗೆ ಅವರು ಬರೆದ ಮಹಾಭಾರತದ ಮುಖಪುಟಗಳನ್ನು ಒಂದು ತಲೆಮಾರಿನ ಮಕ್ಕಳು ಕತ್ತರಿಸಿ ಇಟ್ಟುಕೊಂಡಿದ್ದರು. ಅದೂ ಬೇರೆಯವರು ಹೇಳಿದ ವಸ್ತುವಿಗೆ, ತಿಂಗಳ ಗಡುವಿಗೆ ಮಾಡಿದ ಕೆಲಸವೇ. ವ್ಯತ್ಯಾಸವಿರುವುದು ಒಂದೇ ಕಡೆ. ಮುಖಪುಟದ ಚಿತ್ರಕಾರ ಮೊದಲು ಕತೆ ಓದಬೇಕು, ಅದರಲ್ಲಿ ಒಂದು ಗಳಿಗೆಯನ್ನು ಆರಿಸಬೇಕು, ಉಳಿದದ್ದನ್ನು ಬಿಡಬೇಕು. ಆ ಚಿತ್ರಗಳು ರಾಜನೆಂದರೆ ಹೀಗೆ, ಸುಂದರಿಯೆಂದರೆ ಹೀಗೆ ಎಂಬ ಸಿದ್ಧ ಅಚ್ಚನ್ನು ನಮ್ಮ ಕಣ್ಣಿನಲ್ಲಿ ಕೂರಿಸಿದವು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸಾಧ್ಯವಾಗುವುದು ಅಲ್ಲಿ ಒಬ್ಬ ಕಲಾವಿದನ ಆಯ್ಕೆ ಇರುವುದರಿಂದಲೇ. ಮೂವತ್ತು ಮುಖಗಳನ್ನು ಒತ್ತಟ್ಟಿಗೆ ತುರುಕಿದ ಫ್ಲೆಕ್ಸಿನಲ್ಲಿ ಆಯ್ಕೆಯೇ ಇಲ್ಲ. ಯಾರನ್ನು ಬಿಟ್ಟರೂ ಸಿಟ್ಟು ಎಂಬ ಭಯ ಮಾತ್ರ ಇದೆ.

ಇನ್ನು ಅಕ್ಷರದ ವಿಚಾರ. ಕನ್ನಡದ ಸಾಲಿಗೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. 'ರಾಷ್ಟ್ರ', 'ಸ್ತ್ರೀ' ಎಂದು ಬರೆಯಲು ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳನ್ನು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ನಮ್ಮ ಊರುಗಳ ಬೋರ್ಡುಗಳಲ್ಲಿ ಪ್ರತಿದಿನ ಕಾಣುವುದು ಇದೇ. ಅದರ ಮೇಲೆ ಕೆಂಪು ಅಕ್ಷರಕ್ಕೆ ಹಳದಿ ಅಂಚು, ಅಂಚಿಗೆ ಕಪ್ಪು ನೆರಳು. ದ ಮತ್ತು ಧ ಬೇರೆಯಾಗುವುದು ಒಂದು ಸಣ್ಣ ಸೀಳಿನಿಂದ. ಅಂಚು ದಪ್ಪವಾದಂತೆ ಆ ಸೀಳು ಮುಚ್ಚಿಹೋಗುತ್ತದೆ. ಜಾಗ ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯುವುದು ಇನ್ನೊಂದು ಚಾಳಿ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಹಳೆಯ ಪೇಂಟರು ಹಲಗೆಯ ಅಗಲಕ್ಕೆ ತಕ್ಕಂತೆ ಅಕ್ಷರವನ್ನೇ ಹೊಸದಾಗಿ ಬರೆಯುತ್ತಿದ್ದ, ಇದ್ದ ಅಕ್ಷರವನ್ನು ರಬ್ಬರಿನಂತೆ ಎಳೆಯುತ್ತಿರಲಿಲ್ಲ. ಇಂದು ನೋಟೊ, ಬಾಲೂ ತಮ್ಮ, ಟಿರೊ ಕನ್ನಡದಂತಹ ಯುನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಆದರೂ ಹಳೆಯ ಫೈಲು, ಹಳೆಯ ತಂತ್ರಾಂಶಗಳ ರೂಢಿಯಿಂದ ಅಂಗಡಿಗಳು ಹೊರಬರುತ್ತಿಲ್ಲ. 2024ರ ತಿದ್ದುಪಡಿ ಕಾಯ್ದೆ ನಾಮಫಲಕಗಳಲ್ಲಿ ಶೇಕಡಾ 60 ಕನ್ನಡ ಇರಬೇಕೆಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ನಡೆಯಿತು. ಕನ್ನಡ ಎಷ್ಟು ಜಾಗ ಹಿಡಿದಿದೆ ಎಂದು ಟೇಪು ಹಿಡಿದು ಅಳೆಯಬಹುದು. ಅದು ಓದಲು ಬರುತ್ತದೆಯೇ ಎಂದು ಕೇಳುವವರು ಯಾರು?

ಉರ್ದು ಬರವಣಿಗೆಯಲ್ಲಿ ಇದಕ್ಕೊಂದು ಕ್ರಮವಿತ್ತು. ಕಾತಿಬ್, ಅಂದರೆ ಲಿಪಿಕಾರ, ಉಸ್ತಾದರ ಮುಂದೆ ಕೂತು ಬರೆಯಬೇಕು. ಉಸ್ತಾದರು ಲೇಖನಿಯ ಮೊನೆಯ ಚುಕ್ಕೆಯಿಂದ ಅಕ್ಷರವನ್ನು ಅಳೆದು ತಿದ್ದಬೇಕು. ಇದಕ್ಕೆ ಇಸ್ಲಾಹ್ ಎನ್ನುತ್ತಾರೆ. ಉಸ್ತಾದರ ಇಜಾಜತ್ ಸಿಕ್ಕ ಮೇಲೆಯೇ ಶಿಷ್ಯ ತನ್ನ ಬರಹದ ಕೆಳಗೆ ಹೆಸರು ಹಾಕಬಹುದಿತ್ತು. 1981ರಲ್ಲಿ ನೂರಿ ನಸ್ತಾಲೀಕ್ ಬಂದು ಲಿಪಿ ಯಂತ್ರಕ್ಕೆ ಹೊರಳಿದ ಮೇಲೆ ಕಾತಿಬರ ಕಸುಬು ಕ್ರಮೇಣ ಕ್ಷೀಣಿಸಿತು. ಅದಕ್ಕಾಗಿ ಅಳುತ್ತ ಕೂರಬೇಕಿಲ್ಲ. ಆದರೆ ತಿದ್ದುವವರು ಇರಬೇಕು ಎಂಬ ತತ್ವ ಯಂತ್ರದೊಂದಿಗೆ ಹಳತಾಗುವಂಥದ್ದಲ್ಲ. ನಮ್ಮ ಡಿಟಿಪಿ ಹುಡುಗನಿಗೆ ಇರುವ ಏಕೈಕ ಉಸ್ತಾದ್ ಗಿರಾಕಿ. ಆತ ಹೇಳುವುದು ಎರಡೇ ಮಾತು: ಹೆಸರು ದೊಡ್ಡದಾಗಲಿ, ಬಣ್ಣ ಹೆಚ್ಚಲಿ.

ಇದು ಅಂದಚೆಂದಕ್ಕಷ್ಟೇ ಸಂಬಂಧಿಸಿದ ಮಾತಲ್ಲ. 2023ರ ಮಾರ್ಚಿನಲ್ಲಿ ಪ್ರಧಾನಿಯವರು ಹೆದ್ದಾರಿ ಉದ್ಘಾಟನೆಗೆ ಬರುವ ಹೊತ್ತಿಗೆ ಮಂಡ್ಯದಲ್ಲೊಂದು ಸ್ವಾಗತ ಕಮಾನು ಎದ್ದಿತು. ಅದರ ಮೇಲಿದ್ದದ್ದು ಟಿಪ್ಪುವನ್ನು ಕೊಂದವರೆಂದು ಪ್ರಚಾರ ಮಾಡಲಾಗುತ್ತಿದ್ದ ಉರಿಗೌಡ, ನಂಜೇಗೌಡರ ಹೆಸರು. ಟಿಪ್ಪು 1799ರ ಮೇ 4ರಂದು ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಸೇನೆಯ ವಿರುದ್ಧ ಕಾದಾಡುತ್ತ ಮಡಿದದ್ದು ಇತಿಹಾಸ. ಈ ಇಬ್ಬರ ಕತೆಗೆ ಐತಿಹಾಸಿಕ ಪುರಾವೆಯಿಲ್ಲ. ವಿರೋಧ ಬಂದ ಮೇಲೆ ಆ ಹೆಸರು ಹೋಗಿ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಕಮಾನಿನ ಹೆಸರನ್ನು ಬೇಗ ಬದಲಾಯಿಸಬಹುದು. ನೋಡಿದವರ ಮನಸ್ಸಿನಲ್ಲಿ ಕೂತದ್ದನ್ನು ಅಷ್ಟು ಬೇಗ ತೆಗೆಯಲಾಗದು. ಪುಸ್ತಕದಲ್ಲಿದ್ದರೆ ವಾದವಾಗಿ ಉಳಿಯುವ ಮಾತು ಕಮಾನಿಗೇರಿದಾಗ ಊರಿನ ಸಾಕ್ಷಿಯಂತೆ ಕಾಣುತ್ತದೆ. ಆ ಶಕ್ತಿಯನ್ನು ಅದಕ್ಕೆ ಕೊಡುವುದು ವಿನ್ಯಾಸ.

ಹಾಗೆಂದು ಇಂತಹ ಅಕ್ಷರ ಜೋಡಿಸುವ ಕೂಲಿಯ ಹುಡುಗನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮಾಲೀಕ ಕೊಟ್ಟ ಚೀಟಿಯನ್ನು ಒಲ್ಲೆ ಎನ್ನುವ ಸ್ವಾತಂತ್ರ್ಯ ಅವನಿಗಿಲ್ಲ. ಆದರೆ ಚುನಾವಣೆಯ ಪೋಸ್ಟರಿನ ಮೇಲೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಹೇಳುತ್ತದೆ. ಬೀದಿಯ ಬರಹಕ್ಕೆ ಉತ್ತರದಾಯಿಗಳು ಬೇಕೆಂದು ಕಾನೂನು ಒಪ್ಪಿರುವಾಗ, ಅದನ್ನು ರೂಪಿಸಿದವನ ಹೆಸರೂ ಮೂಲೆಯಲ್ಲಿ ಸಣ್ಣಗೆ ಏಕಿರಬಾರದು? ಹೆಸರಿದ್ದರೆ ಮರ್ಯಾದೆ ಬರುತ್ತದೆ, ಮರ್ಯಾದೆಯ ಬೆನ್ನಿಗೆ ಪ್ರಶ್ನಿಸುವ ಧೈರ್ಯವೂ ಬರುತ್ತದೆ. "ಅಣ್ಣಾ, ಇದು ನಿಜವೇ?" ಎಂದು ಗಿರಾಕಿಯನ್ನು ಒಮ್ಮೆ ಕೇಳುವಷ್ಟಾದರೂ.

ಈ ಯುವಕರಿಗೆ ನಾವು ಹೇಳಬಯಸುವುದಿಷ್ಟು. ಹೊಟ್ಟೆಪಾಡಿನ ಕೆಲಸದ ಜೊತೆಗೆ ತಿಂಗಳಿಗೊಂದು ಕೆಲಸವನ್ನು ನಿಮಗಾಗಿ ಮಾಡಿ. ಮಂಡ್ಯದ ಬೆಲ್ಲದ ಪೊಟ್ಟಣವಿರಲಿ, ಮದ್ದೂರು ವಡೆಯ ಡಬ್ಬಿಯಿರಲಿ, ಮಳವಳ್ಳಿಯ ಸರ್ಕಾರಿ ಶಾಲೆಯ ಗೋಡೆಯಿರಲಿ, ಮೊದಲು ವಿಷಯ ಓದಿ, ಬೇಡದ್ದನ್ನು ಬಿಡಿ, ಒತ್ತಕ್ಷರಕ್ಕೆ ಜಾಗ ಕೊಡಿ. ಸಾಹಿತ್ಯ ಪರಿಷತ್ತಿನ ತಾಲೂಕು ಘಟಕಗಳು ಕವಿಗೋಷ್ಠಿಯ ಜೊತೆಗೆ ವರ್ಷಕ್ಕೊಮ್ಮೆ ಇಂತಹ ಕೆಲಸಗಳನ್ನು ಗೋಡೆಗೆ ತೂಗುಹಾಕಿ ಚರ್ಚೆಗೆ ಕೂರಲಿ. ಮೆಚ್ಚಲಿ, ತಿದ್ದಲಿ, ಜಗಳವಾದರೂ ಆಡಲಿ. ಕತೆಗಾರರಾದ ನಮಗೆ ಸಿಕ್ಕಿರುವ ಈ ಭಾಗ್ಯ ಅವರಿಗೂ ಸಿಗಬೇಕು.